ಕಾರಿನ ನೆಲದ ಹಳೇ ಟಾರ್ ಶೀಟ್ ಕೀಳಲು ಯಾವ ಉಪಕರಣಕ್ಕೆ ದುಡ್ಡು ಹಾಕಬಹುದು?

ಟಾರ್ ಶೀಟ್ ಎಂದರೆ ಸದ್ದು, ನಡುಕ ಕಡಿಮೆ ಮಾಡಲು ಕಾರಿನ ನೆಲದ ತಗಡಿಗೆ ಅಂಟಿಸಿರುವ ಡಾಮರಿನಂಥ ಹಾಳೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಾಖ ಹೆಚ್ಚುಕಡಿಮೆ ಮಾಡುವ ಡಯಲ್ ಇರುವ ಒಂದು ಹೀಟ್ ಗನ್, ಮೂಲೆ ಉಜ್ಜಿ ದುಂಡಗೆ ಮಾಡಿದ ಎರಡು ಸ್ಕ್ರೇಪರ್, ಒಂದು ಲೀಟರ್ ಟರ್ಪೆಂಟೈನ್. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಓಡಾಡುವ ಹತ್ತಿಪ್ಪತ್ತು ವರ್ಷ ಹಳೆಯ ಕಾರು, ಓಮ್ನಿ, ಜೀಪುಗಳ ನೆಲಕ್ಕೆ ಇಷ್ಟು ಸಾಕು. ಡ್ರೈ ಐಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದನ್ನು ತರುವ ತಾಪತ್ರಯಕ್ಕೆ ತಕ್ಕ ಲಾಭ ಈ ಊರುಗಳಲ್ಲಿ ಸಿಗುವುದು ಕಷ್ಟ. ಆಸಿಲೇಟಿಂಗ್ ಮಲ್ಟಿ ಟೂಲ್ (ಬ್ಲೇಡನ್ನು ವೇಗವಾಗಿ ಅತ್ತಿತ್ತ ಅಲ್ಲಾಡಿಸುವ ಕರೆಂಟಿನ ಉಪಕರಣ) ಮನೆಯಲ್ಲಿದ್ದರೆ ಬಳಸಿ, ಇದಕ್ಕಾಗಿಯೇ ಕೊಳ್ಳಬೇಡಿ. ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಬ್ರಶ್ ಅಂಗಡಿಯಲ್ಲೇ ಇರಲಿ.

ಬೇರೆ ಊರಿನವರು ಸದ್ದು ಕಡಿಮೆ ಮಾಡಲೆಂದು ಹಳೇ ಶೀಟ್ ಕಿತ್ತು ಹೊಸದು ಹಾಕುತ್ತಾರೆ. ನಮ್ಮಲ್ಲಿ ಕೀಳಬೇಕಾಗಿ ಬರುವುದು ತುಕ್ಕಿನಿಂದ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಮೇಲಿಂದ ಉಪ್ಪುಗಾಳಿ. ವೈಪರ್ ಕೆಳಗಿನ ನೀರು ಹೋಗುವ ತೂತು ತರಗೆಲೆ ತುಂಬಿ ಕಟ್ಟಿಕೊಂಡರೆ, ಬಾಗಿಲಿನ ರಬ್ಬರ್ ಸೋತರೆ, ಏಸಿಯ ನೀರಿನ ಪೈಪ್ ಕಳಚಿಕೊಂಡರೆ ನೀರು ಬಂದು ಸೇರುವುದು ಕಾರ್ಪೆಟ್ ಅಡಿಯ ಸೆಣಬಿನ ಫೆಲ್ಟಿಗೆ. ಆಟಿ ತಿಂಗಳಲ್ಲಿ (ಜುಲೈ, ಆಗಸ್ಟಿನ ಮಳೆಯಲ್ಲಿ) ಒಮ್ಮೆ ನೆನೆದ ಫೆಲ್ಟ್ ಬಿಸಿಲು ಬರುವವರೆಗೆ ಒಣಗುವುದಿಲ್ಲ. ಶೀಟಿನಲ್ಲಿ ಬಿರುಕಿದ್ದರೆ ಆ ನೀರು ಅದರ ಅಡಿಗೂ ಇಳಿದು ಅಲ್ಲಿಯೇ ಕೂರುತ್ತದೆ.

ಇನ್ನೊಂದು ಕಾರಣ ಅಡಿಕೆ ತೋಟ ಇರುವವರ ವಾಹನಗಳಲ್ಲಿ ಮಾತ್ರ ಕಾಣುವುದು: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಮದ್ದು ಬಿಡುವ ಕಾಲದಲ್ಲಿ ಅದರ ಚೀಲವನ್ನೋ ಮಿಕ್ಕಿದ ದ್ರಾವಣದ ಕ್ಯಾನನ್ನೋ ಜೀಪಿನ ಹಿಂದೆ ಹಾಕಿಕೊಂಡು ಹೋಗುತ್ತಾರೆ. ಚೆಲ್ಲಿದ ತಾಮ್ರದ ಸಲ್ಫೇಟ್ ಒದ್ದೆಯಾಗಿ ಬರಿ ಕಬ್ಬಿಣಕ್ಕೆ ತಾಗಿದರೆ ತಾಮ್ರ ತಗಡಿನ ಮೇಲೆ ತೆಳುವಾಗಿ ಕೂರುತ್ತದೆ, ಸುತ್ತಲಿನ ಕಬ್ಬಿಣ ಅಷ್ಟೇ ವೇಗವಾಗಿ ಕರಗುತ್ತದೆ. ಶೀಟ್ ಎಬ್ಬಿಸಿದಾಗ ಹಸಿರು ನೀಲಿ ಕಲೆ, ನಡುನಡುವೆ ಕೆಂಪು ಹೊಳಪು ಕಂಡರೆ ಇದೇ ಸಂಗತಿ. ಆ ಜಾಗವನ್ನು ನೀರಿನಲ್ಲಿ ಹಲವು ಸಲ ತೊಳೆದು, ಒಣಗಿಸಿ, ತಾಮ್ರದ ಪದರ ಪೂರ್ತಿ ಹೋಗುವವರೆಗೆ ಉಜ್ಜಬೇಕು. ಮೇಲೆ ಪ್ರೈಮರ್ ಬಳಿದು ಮುಚ್ಚಿದರೆ ತುಕ್ಕು ಅಡಿಯಲ್ಲಿ ಮುಂದುವರಿಯುತ್ತದೆ.

ಕೀಳಬೇಕಾದದ್ದು ಎಷ್ಟು?

ಪೂರ್ತಿ ನೆಲ ಬೋಳಿಸುವ ಅಗತ್ಯ ಹೆಚ್ಚಿನ ವಾಹನಗಳಿಗೆ ಇಲ್ಲ. ಕಂಪನಿಯಲ್ಲಿ ಹಾಕುವ ಶೀಟ್ ಎಂದರೆ ಬಿಟುಮಿನ್‌ಗೆ (ಡಾಮರಿಗೆ) ಖನಿಜದ ಪುಡಿ ಬೆರೆಸಿದ ಹಾಳೆ, ದಪ್ಪ ಸಾಮಾನ್ಯವಾಗಿ 1.5 ರಿಂದ 3 ಮಿಲಿಮೀಟರ್. ಅದನ್ನು ತಗಡಿನ ಮೇಲಿಟ್ಟು ಪೈಂಟ್ ಒಲೆಯೊಳಗೆ ಕಳಿಸುತ್ತಾರೆ. ಅಲ್ಲಿಯ ಶಾಖಕ್ಕೆ ಕರಗಿ ನೆಲದ ಏರುತಗ್ಗಿಗೆ ಸರಿಯಾಗಿ ಅಂಟಿಕೊಳ್ಳುತ್ತದೆ. ಹೀಗೆ ಕೂತದ್ದು ಬಿರುಕು ಬಿಡದಿದ್ದರೆ ಅದರ ಅಡಿಯ ಪೈಂಟ್ ಇಪ್ಪತ್ತು ವರ್ಷ ಕಳೆದರೂ ಹೊಸದರಂತೆ ಇರುತ್ತದೆ. ಅಂಥದ್ದನ್ನು ಕಿತ್ತರೆ ಲಾಭವಿಲ್ಲ, ಪೈಂಟಿಗೆ ಗೀರು ಬೀಳುವುದಷ್ಟೇ ಬಂತು.

ಸ್ಕ್ರೂಡ್ರೈವರಿನ ಹಿಡಿಯಿಂದ ನಾಲ್ಕು ಬೆರಳಿಗೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿಯಾಗಿ ಅಂಟಿರುವ ಕಡೆ ಮಂದ ಸದ್ದು, ಎದ್ದಿರುವ ಕಡೆ ಪೊಳ್ಳು ಸದ್ದು. ಪೊಳ್ಳು ಬಂದ ಕಡೆ ಸುಣ್ಣದಕಡ್ಡಿಯಲ್ಲಿ ಗೀಟು ಹಾಕಿ, ಅದರಿಂದ ಎರಡು ಇಂಚು ಹೊರಗಿನವರೆಗೆ ಕಿತ್ತರೆ ಸಾಕು. ಚಾಲಕನ ಕಾಲಡಿ, ಸೀಟ್ ಬೋಲ್ಟಿನ ಸುತ್ತ, ಬಾಗಿಲಿನ ಹೊಸ್ತಿಲಿಗೆ ತಾಗಿದ ಅಂಚು, ಸ್ಪೇರ್ ಟೈರಿನ ಗುಂಡಿ, ಈ ನಾಲ್ಕು ಕಡೆ ಹೆಚ್ಚು ಗಮನ ಇರಲಿ.

ಅಂಗಡಿಯಲ್ಲಿ ಆಮೇಲೆ ಹಾಕಿಸಿದ ಶೀಟ್ ಆದರೆ ಬೇರೆ ಲೆಕ್ಕ. ಮೇಲೆ ಅಲ್ಯೂಮಿನಿಯಂ ಹಾಳೆ, ಅಡಿಗೆ ಕಪ್ಪು ಅಂಟು ಇರುವುದು ಬ್ಯೂಟೈಲ್ ರಬ್ಬರ್ ಇರಬಹುದು, ಬಿಟುಮಿನ್ನೂ ಇರಬಹುದು. ಒಂದು ಚೂರನ್ನು ಬೆರಳ ನಡುವೆ ಎಳೆದು ನೋಡಿ. ದಾರದಂತೆ ಉದ್ದಕ್ಕೆ ಎಳೆದುಕೊಂಡು ಬಂದರೆ ಬ್ಯೂಟೈಲ್. ತುಂಡಾಗಿ, ಡಾಮರಿನ ವಾಸನೆ ಬಂದರೆ ಬಿಟುಮಿನ್. ಇದು ತಿಳಿಯದೆ ಉಪಕರಣ ಆರಿಸಬಾರದು, ಒಂದಕ್ಕೆ ನಡೆಯುವುದು ಇನ್ನೊಂದಕ್ಕೆ ನಡೆಯುವುದಿಲ್ಲ.

ಹೀಟ್ ಗನ್

ಬೆಲೆ ಎರಡು ಸಾವಿರದ ಆಸುಪಾಸಿನಲ್ಲಿ 1,800 ರಿಂದ 2,000 ವಾಟಿನದು ಸಿಗುತ್ತದೆ. ಬರೀ ಎರಡು ಸ್ವಿಚ್ ಇರುವ ಗನ್‌ಗಿಂತ ಡಯಲ್ ಇರುವುದು ಮೇಲು. ಅಗ್ಗದ ಎರಡು ಸ್ವಿಚ್ಚಿನ ಗನ್ ಸಾಮಾನ್ಯವಾಗಿ 300 ಅಥವಾ 500 ಡಿಗ್ರಿಯ ಗಾಳಿಯನ್ನೇ ಬಿಡುತ್ತದೆ. ನಮಗೆ ಬೇಕಾದದ್ದು ಶೀಟಿನ ಮೇಲ್ಮೈ 60 ರಿಂದ 80 ಡಿಗ್ರಿಗೆ ಬರುವುದು, ಅಷ್ಟೆ. ಕರಗಿ ಹರಿಯುವಂತಾದರೆ ಕೆಲಸ ಕೆಟ್ಟಂತೆ. ಸ್ಕ್ರೇಪರಿಗೆ ಅಂಟಿ, ತಗಡಿಗೆ ಬಳಿದುಕೊಂಡು, ಒಂದು ಗಂಟೆಯ ಕೆಲಸ ಮೂರು ಗಂಟೆಗೆ ಎಳೆಯುತ್ತದೆ.

ಡಯಲನ್ನು 250 ರಿಂದ 300ರ ನಡುವೆ ಇಟ್ಟು, ಗನ್ ಮೂತಿಯನ್ನು ಒಂದು ಗೇಣಿನಷ್ಟು ದೂರ ಹಿಡಿದು, ಎರಡು ಅಂಗೈ ಅಗಲದ ಜಾಗದ ಮೇಲೆ ನಿಲ್ಲಿಸದೆ ಆಡಿಸಬೇಕು. ಅರ್ಧ ನಿಮಿಷ ಕಳೆಯುವಾಗ ಶೀಟಿನ ಮಂಕು ಬಣ್ಣಕ್ಕೆ ಎಣ್ಣೆ ಸವರಿದಂಥ ಸಣ್ಣ ಹೊಳಪು ಬರುತ್ತದೆ, ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ಕೀಳುವ ಹದ ಇದೇ. ಸ್ಕ್ರೇಪರನ್ನು ಅಂಚಿನ ಅಡಿಗೆ ತೂರಿಸಿ ಗನ್ನನ್ನು ಅದರ ಮುಂದೆ ಮುಂದೆ ಒಯ್ಯಿರಿ. ಹದ ಸರಿ ಇದ್ದರೆ ಶೀಟ್ ಅಂಗೈಯಗಲದ ಪಟ್ಟಿಯಾಗಿ ಸುರುಳಿ ಸುತ್ತಿಕೊಂಡು ಎದ್ದು ಬರುತ್ತದೆ, ಅಡಿಯಲ್ಲಿ ಕಂದು ಬಣ್ಣದ ತೆಳು ಪದರ ಮಾತ್ರ ಉಳಿಯುತ್ತದೆ. ಪುಡಿಪುಡಿಯಾಗಿ ಬಂದರೆ ಶಾಖ ಸಾಲದು. ನೂಲು ಎಳೆದರೆ ಹೆಚ್ಚಾಯಿತು, ಒಂದು ನಿಮಿಷ ಬಿಟ್ಟು ಮುಂದುವರಿಸಿ. ಹೊಗೆ ಕಂಡರೆ ಕೂಡಲೇ ಗನ್ ದೂರ. ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅಂದಾಜಿನ ಕಷ್ಟ ಇಲ್ಲ, ಆದರೆ ಅಲ್ಯೂಮಿನಿಯಂ ಹಾಳೆಯ ಮೇಲೆ ಅದು ತೀರಾ ಕಡಿಮೆ ತೋರಿಸುತ್ತದೆ. ಕಪ್ಪು ಭಾಗಕ್ಕೆ ಗುರಿ ಹಿಡಿಯಿರಿ.

ನಮ್ಮ ಹಳ್ಳಿಮನೆಗಳಲ್ಲಿ ಹೀಟ್ ಗನ್ನಿನ ದೊಡ್ಡ ತೊಂದರೆ ಕರೆಂಟ್. 1,800 ವಾಟ್ ಎಂದರೆ ಸುಮಾರು 8 ಆಂಪಿಯರ್. ಫ್ಯಾನ್ ಹಾಕುವ ಸಣ್ಣ ಪ್ಲಗ್ಗು ಅದಕ್ಕೆ ಆಗದು, 16 ಆಂಪಿಯರಿನ ಪಾಯಿಂಟೇ ಬೇಕು. ಅಂಗಳದವರೆಗೆ ಎಕ್ಸ್‌ಟೆನ್ಶನ್ ಎಳೆಯುವುದಾದರೆ ಕನಿಷ್ಠ 1.5 ಸ್ಕ್ವೇರ್ ಎಂಎಂ ತಂತಿ ಇರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿಡಿ. ಸುತ್ತಿಟ್ಟ ತಂತಿ ಬಿಸಿಯಾಗಿ ಕರಗುತ್ತದೆ. ಸಂಜೆಯ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ 1,800 ವಾಟಿನ ಗನ್ ಕೊಡುವುದು 1,100 ವಾಟಿನಷ್ಟು ಮಾತ್ರ. ಗನ್ ಹಾಳಾಯಿತೆಂದು ಅಂಗಡಿಯವರಲ್ಲಿ ಜಗಳಕ್ಕೆ ಹೋಗುವ ಮೊದಲು ಇದನ್ನೊಮ್ಮೆ ನೋಡಿ. ಮಧ್ಯಾಹ್ನದ ಕೆಲಸಕ್ಕೆ ಇನ್ನೊಂದು ಅನುಕೂಲವೂ ಇದೆ: ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ನೆಲ ತನ್ನಷ್ಟಕ್ಕೇ ಬಿಸಿಯಾಗಿರುತ್ತದೆ, ಗನ್ನಿಗೆ ಅರ್ಧ ಕೆಲಸ ಉಳಿಯುತ್ತದೆ. ಕೀಳುವಾಗ ಬಾಗಿಲೆಲ್ಲ ತೆರೆದಿಡಿ.

ಗನ್ ಹಿಡಿಯಬಾರದ ಜಾಗಗಳು ಇವೆ. ಹೆಚ್ಚಿನ ಪುಟ್ಟ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್, ಪಂಪಿನ ಮುಚ್ಚಳವೂ ಅಲ್ಲೇ. ಅಲ್ಲಿ ಕೈಯಿಂದಲೇ ಕೀಳಬೇಕು. ನೆಲದ ಅಡಿಯಲ್ಲಿ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಎಲ್ಲಿ ಹಾದುಹೋಗುತ್ತವೆ ಎಂದು ಮೊದಲೇ ಕೆಳಗಿಂದ ನೋಡಿ, ಒಳಗೆ ಆ ಗೆರೆಯ ಮೇಲೆ ಸುಣ್ಣದಕಡ್ಡಿ ಎಳೆಯಿರಿ. ಹೊಸ್ತಿಲ ಬದಿಯ ವೈರಿಂಗ್ ಗೊಂಚಲನ್ನು ಎತ್ತಿ ಕಟ್ಟಿ.

ಸ್ಕ್ರೇಪರ್

ಗನ್‌ಗೆ ಎರಡು ಸಾವಿರ ಕೊಟ್ಟವರು ಸ್ಕ್ರೇಪರಿಗೆ ಐವತ್ತು ರೂಪಾಯಿ ಕೊಡಲು ಹಿಂದೆಮುಂದೆ ನೋಡುವುದು ವಿಚಿತ್ರ. ನೆಲ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಪುಟ್ಟಿ ಹಚ್ಚುವ ಬಳುಕುವ ಬ್ಲೇಡು ಆಗದು, ಮರದ ಉಳಿ ಆಗಲೇಬಾರದು. ಪುಟ್ಟ ಕಾರುಗಳ ನೆಲದ ತಗಡು ಮುಕ್ಕಾಲು ಮಿಲಿಮೀಟರ್ ಆಸುಪಾಸಿನದು, ಉಳಿಯ ಒಂದು ಪೆಟ್ಟಿಗೆ ತೂತಾಗುತ್ತದೆ. ಬೇಕಾದದ್ದು ಒಂದೂವರೆಯಿಂದ ಎರಡು ಇಂಚು ಅಗಲದ, ಬಗ್ಗದ ಸ್ಕ್ರೇಪರ್. ಅದರ ಎರಡೂ ಮೂಲೆಗಳನ್ನು ಅರದಲ್ಲಿ ಉಜ್ಜಿ ದುಂಡಗೆ ಮಾಡಿ. ಚೂಪು ಮೂಲೆಯೇ ಪೈಂಟಿಗೆ ಗೀರು ಹಾಕುವುದು, ಆ ಗೀರಿನಿಂದಲೇ ಮುಂದಿನ ಮಳೆಗಾಲದ ತುಕ್ಕು ಶುರು. ತಗಡಿಗೆ 20ರಿಂದ 30 ಡಿಗ್ರಿ ಓರೆಯಲ್ಲಿ ಹಿಡಿದು ತಳ್ಳಿ, ಕುತ್ತಬೇಡಿ. ಏರುಗೆರೆಗಳ ನಡುವಿನ ತಗ್ಗಿಗೆ ಮುಕ್ಕಾಲು ಇಂಚಿನ ಇನ್ನೊಂದು ಬೇಕು. ಕೊನೆಯ ತೆಳು ಪದರಕ್ಕೆ ಪ್ಲಾಸ್ಟಿಕ್ ಬ್ಲೇಡ್ ಒಳ್ಳೆಯದು. ಬೇಗ ಸವೆಯುತ್ತದೆ, ಹತ್ತಿಪ್ಪತ್ತರ ಪ್ಯಾಕೆಟ್ಟೇ ತನ್ನಿ.

ಬ್ಯೂಟೈಲಿಗೆ ಸ್ಕ್ರೇಪರ್ ತೀರಾ ಕಡಿಮೆ ಸಾಕು. 50 ಡಿಗ್ರಿಯಷ್ಟು ಬಿಸಿ ಮಾಡಿ, ಅಲ್ಯೂಮಿನಿಯಂ ಹಾಳೆ ಹರಿಯದಂತೆ ನಿಧಾನವಾಗಿ ಎಳೆದರೆ ಹೆಚ್ಚಿನ ಅಂಟು ಅದರ ಜತೆಗೇ ಬರುತ್ತದೆ. ಅವಸರಪಟ್ಟರೆ ಹಾಳೆ ಮಾತ್ರ ಕೈಗೆ, ಅಂಟೆಲ್ಲ ನೆಲಕ್ಕೆ. ಉಳಿದದ್ದನ್ನು ತೆಗೆಯಲು ಕಿತ್ತ ಅಂಟನ್ನೇ ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ತಣ್ಣಗಾದ ನೆಲದ ಮೇಲೆ ಒತ್ತಿ ಒತ್ತಿ ಎತ್ತಬೇಕು. ಕರಗಿಸುವ ದ್ರವಕ್ಕಿಂತ ಇದೇ ಬೇಗ.

ಡ್ರೈ ಐಸ್

ಘನ ಇಂಗಾಲದ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ. ಆ ಚಳಿಗೆ ಬಿಟುಮಿನ್ ಗಾಜಿನಂತೆ ಪೆಡಸಾಗಿ ತಗಡಿನಿಂದ ಬಿಡುತ್ತದೆ. ಒಂದು ಪುಟ್ಟ ಕಾರಿನ ಪೂರ್ತಿ ನೆಲಕ್ಕೆ 10ರಿಂದ 15 ಕಿಲೋ ಬೇಕು. ಚೂರು ಮಾಡಿ ಬಟ್ಟೆ ಚೀಲದಲ್ಲಿ ಹಾಕಿ ಶೀಟಿನ ಮೇಲೆ ಹತ್ತು ನಿಮಿಷ ಇಟ್ಟರೆ ಚಟಚಟ ಸದ್ದು ಕೇಳಿಸುತ್ತದೆ. ಚೀಲ ಸರಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ತುಂಡುತುಂಡಾಗಿ ಏಳುತ್ತದೆ, ಅಡಿಯ ಪೈಂಟ್ ಚೊಕ್ಕವಾಗಿ ಕಾಣುತ್ತದೆ. ಬಿಟುಮಿನ್ ಮಟ್ಟಿಗೆ ಇದಕ್ಕಿಂತ ಶುದ್ಧವಾಗಿ ಕೀಳುವ ದಾರಿ ಬೇರೆ ಇಲ್ಲ ಎನ್ನುವುದನ್ನು ಒಪ್ಪಲೇಬೇಕು.

ಆದರೆ ಬ್ಯೂಟೈಲಿಗೆ ಇದು ಸುಖವಿಲ್ಲ. ಆ ರಬ್ಬರ್ ಮೈನಸ್ 65, 70ರ ಸುಮಾರಿಗಷ್ಟೇ ಗಟ್ಟಿಯಾಗುವಂಥದ್ದು, ಚೀಲ ಸರಿಸಿ ಸುತ್ತಿಗೆ ಎತ್ತುವಷ್ಟರಲ್ಲಿ ಮತ್ತೆ ಮೆತ್ತಗಾಗಿರುತ್ತದೆ. ಇಳಿಜಾರಿನ ಮುಂಗಾಲಡಿಯಲ್ಲಿ ಚೀಲ ನಿಲ್ಲುವುದೂ ಇಲ್ಲ. ಕಾಸರಗೋಡಿನವರು ಇದಕ್ಕಾಗಿ ಮಂಗಳೂರಿನ ಅನಿಲ ಮಾರಾಟಗಾರರಲ್ಲಿ ವಿಚಾರಿಸಿ ಮುಂಗಡ ಹೇಳಿ ತರಬೇಕು. ದಾರಿಯುದ್ದಕ್ಕೂ ಅದು ಆವಿಯಾಗುತ್ತಲೇ ಇರುತ್ತದೆ. ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳವನ್ನು ಟೇಪ್ ಹಾಕಿ ಬಿಗಿಯಬಾರದು, ಒಡೆಯುತ್ತದೆ. ಕಾರಿನ ಗಾಜು ಇಳಿಸಿಯೇ ಬರಬೇಕು: ಒಂದು ಕಿಲೋ ಡ್ರೈ ಐಸ್ 500 ಲೀಟರಿಗಿಂತ ಹೆಚ್ಚು ಅನಿಲವಾಗುತ್ತದೆ, ಹತ್ತು ಕಿಲೋ ಆವಿಯಾದರೆ ಪುಟ್ಟ ಕಾರಿನ ಒಳಗನ್ನು ತುಂಬಿ ಮಿಗುತ್ತದೆ. ಆ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ. ನೆಲ ಕೀಳುವವನ ಮೂಗೂ ಅಲ್ಲೇ ಇರುವುದು. ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಗಾಗಲ್ಸ್, ನಾಲ್ಕೂ ಬಾಗಿಲು ತೆರೆದು ಹೊರಗಿನ ಗಾಳಿಯಲ್ಲಿ ಮಾತ್ರ.

ನಮ್ಮ ಹವೆಯ ಇನ್ನೊಂದು ಸಂಗತಿ: ಅಷ್ಟು ತಣ್ಣಗಾದ ತಗಡು ಬೆಚ್ಚಗಾಗುವಾಗ ಗಾಳಿಯ ತೇವವನ್ನೆಲ್ಲ ಎಳೆದು ಒದ್ದೆಯಾಗುತ್ತದೆ. ಬ್ಲೋವರ್ ಹಾಕಿ ಒಣಗಿಸದೆ ಪ್ರೈಮರ್ ಹಚ್ಚುವಂತಿಲ್ಲ.

ಮೀನಿನ ಐಸಿಗೆ ಉಪ್ಪು ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು ಮಾರಾಯ್ರೆ. ಐಸೂ ಉಪ್ಪೂ ಎಷ್ಟು ಸರಿಯಾಗಿ ಬೆರೆತರೂ ಮೈನಸ್ 21ಕ್ಕಿಂತ ಕೆಳಗೆ ಹೋಗುವುದಿಲ್ಲ, ಸಿಗುವುದು ನೆಲತುಂಬ ಉಪ್ಪುನೀರು.

ಉಳಿದ ಉಪಕರಣಗಳು

ಮಲ್ಟಿ ಟೂಲಿಗೆ ಸ್ಕ್ರೇಪರ್ ಬ್ಲೇಡ್ ಹಾಕಿದರೆ ಒಣಗಿ ಪೆಡಸಾದ ಬಿಟುಮಿನ್ ಬೇಗ ಏಳುತ್ತದೆ, ಮೂಲೆಗಳಲ್ಲಿ ಕೈಗಿಂತ ಚುರುಕು. ಬ್ಯೂಟೈಲಿನಲ್ಲಿ ಮಾತ್ರ ಬ್ಲೇಡ್ ಅಲ್ಲಾಡುವ ಬಿಸಿಗೇ ಅಂಟು ಮೆತ್ತಗಾಗಿ ಸಿಕ್ಕಿಕೊಳ್ಳುತ್ತದೆ.

ತಂತಿ ಬ್ರಶ್ ಬಿಟುಮಿನ್ನನ್ನು ಕೀಳುವುದಿಲ್ಲ, ಬಿಸಿಮಾಡಿ ನೆಲಕ್ಕೆಲ್ಲ ಬಳಿಯುತ್ತದೆ, ಚೂರುಗಳನ್ನು ಮುಖಕ್ಕೆ ಎಸೆಯುತ್ತದೆ. ತೀರಾ ಹಳೆಯ ವಾಹನಗಳ ಶೀಟಿಗೆ ಆಸ್ಬೆಸ್ಟಾಸ್ ನಾರು ಬೆರೆಸುತ್ತಿದ್ದುದೂ ಉಂಟು. ಅಂಥದ್ದನ್ನು ಪುಡಿ ಮಾಡಿ ಗಾಳಿಗೆ ಎಬ್ಬಿಸುವುದು ಯಾವ ಲೆಕ್ಕದಲ್ಲೂ ಬುದ್ಧಿವಂತಿಕೆಯಲ್ಲ. ಎಂಬತ್ತರ ದಶಕದ ಗಾಡಿಯಾದರೆ ಒಣಗಿದ್ದನ್ನು ಉಜ್ಜುವುದೇ ಬೇಡ, ದೊಡ್ಡ ತುಂಡುಗಳಾಗಿ ಎಬ್ಬಿಸಿ, ಪಿ100 ಫಿಲ್ಟರಿನ ಮಾಸ್ಕ್ ಹಾಕಿಕೊಳ್ಳಿ.

ಕಂದು ಪದರ ತೆಗೆಯಲು ಪೈಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಸಾಕು. ಬಟ್ಟೆ ನೆನೆಸಿ ನೆಲದ ಮೇಲೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಒರೆಸುವಾಗ ಕರಗಿ ಬರುತ್ತದೆ. ಸೀಮೆಎಣ್ಣೆ, ಡೀಸೆಲ್ ಕೂಡ ಕರಗಿಸುತ್ತವೆ, ಆದರೆ ಎಣ್ಣೆಯ ಜಿಡ್ಡು ಬಿಟ್ಟುಹೋಗುತ್ತವೆ. ಆ ಜಿಡ್ಡಿನ ಮೇಲೆ ಪ್ರೈಮರ್ ನಿಲ್ಲದು. ಎನ್‌ಸಿ ಥಿನ್ನರ್ (ಲ್ಯಾಕರ್ ಬಣ್ಣ ತೆಳು ಮಾಡುವ ದ್ರವ) ಹಿಂದೆ ಪೈಂಟ್ ಮಾಡಿಸಿದ ಗಾಡಿಯ ಬಣ್ಣವನ್ನು ಸುಕ್ಕುಗಟ್ಟಿಸುತ್ತದೆ. ಪೆಟ್ರೋಲನ್ನು ಕಾರಿನ ಒಳಗೆ ತರಲೇಬೇಡಿ. ದ್ರವ ಯಾವುದೇ ಇರಲಿ, ಹೀಟ್ ಗನ್ನಿನ ಪ್ಲಗ್ ಕಿತ್ತು ಅದು ತಣ್ಣಗಾದ ಮೇಲೆಯೇ ಡಬ್ಬಿಯ ಮುಚ್ಚಳ ತೆರೆಯುವುದು. ಕೈಗೆ ಹತ್ತಿದ ಡಾಮರಿಗೆ ತೆಂಗಿನೆಣ್ಣೆ ಉಜ್ಜಿ ಸೋಪು ಹಾಕಿ, ಚರ್ಮಕ್ಕೆ ಟರ್ಪೆಂಟೈನ್ ಬೇಡ.

ಗ್ಯಾರೇಜಿಗೆ ಕೊಡುವುದಾದರೆ

ಟಿಂಕರಿಂಗ್ ಮಾಡುವವರಲ್ಲಿ ಮೊದಲು ಕೇಳಬೇಕಾದದ್ದು ಬಿಸಿ ಯಾವುದರಿಂದ ಮಾಡುತ್ತಾರೆ ಎಂದು. ಗ್ಯಾಸ್ ಟಾರ್ಚ್ ಎಂದರೆ ಬೇಡ. ಬೆಂಕಿಯ ಜ್ವಾಲೆ ತಗಡಿನ ಆಚೆ ಬದಿಯ ಅಂಡರ್ ಕೋಟಿಂಗ್ ಕರಗಿಸುತ್ತದೆ, ಕಂಪನಿಯ ಪ್ರೈಮರ್ ಸುಡುತ್ತದೆ. ಸುಟ್ಟದ್ದು ಮೇಲಿಂದ ಕಾಣುವುದಿಲ್ಲ, ಎರಡು ಮಳೆಗಾಲ ಕಳೆದು ಕೆಳಗಿನಿಂದ ತೂತು ಬೀಳುವಾಗ ಗೊತ್ತಾಗುತ್ತದೆ. ಎರಡನೆಯದು, ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸೀಟ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಕಾಯುತ್ತಾರೆಯೇ ಎಂಬುದು. ಹಳದಿ ಕನೆಕ್ಟರುಗಳು ಅದರವು. ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆ ಸಾಮಾನ್ಯವಾಗಿ ಎರಡು ಮುಂದಿನ ಸೀಟುಗಳ ನಡುವೆ ನೆಲಕ್ಕೇ ಬಿಗಿದಿರುತ್ತದೆ. ಅದರ ಪಕ್ಕ ಸುತ್ತಿಗೆ ಬೀಳಬಾರದು. ಮೂರನೆಯದು, ಕಿತ್ತ ಮೇಲೆ ಪ್ರೈಮರ್ ಹಚ್ಚುವ ಮೊದಲು ನಿಮಗೆ ತೋರಿಸಬೇಕು ಎಂದು ಮಾತಾಗಿರಲಿ. ಮುಚ್ಚಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ತುಕ್ಕಿನ ಜಾಗವನ್ನು ನೈಲಾನ್ ಸ್ಟ್ರಿಪ್ ಡಿಸ್ಕಿನಿಂದ ಉಜ್ಜಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಹೋದರೆ ತಗಡು ಕತ್ತರಿಸಿ ಬೆಸೆಯಬೇಕು, ಫೈಬರ್ ಮೆತ್ತಿದರೆ ಆಗದು. ಗಟ್ಟಿಯಿದ್ದರೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್, ಆಮೇಲೆ ಎರಡು ಪ್ಯಾಕಿನ ಎಪಾಕ್ಸಿ ಪ್ರೈಮರ್, ಬೆಸುಗೆಯ ಗೆರೆಗಳಿಗೆ ಪಿಯು (ಪಾಲಿಯುರೆಥೇನ್) ಸೀಮ್ ಸೀಲರ್. ರೆಡ್ ಆಕ್ಸೈಡ್ ಒಂದೇ ಬಳಿದು ಬಿಟ್ಟರೆ ತೇವ ಅದರೊಳಗಿಂದಲೇ ಹೋಗುತ್ತದೆ. ಗಾಳಿಯ ತೇವ 85 ಶೇಕಡ ದಾಟಿದ ದಿನ ಪ್ರೈಮರ್ ಹಚ್ಚಬಾರದು. ಅಂದರೆ ಕರಾವಳಿಯಲ್ಲಿ ಈ ಕೆಲಸ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಮೊದಲೇ ಮುಗಿಯಬೇಕು, ಇಲ್ಲವೇ ದೀಪಾವಳಿ ಕಳೆಯಲಿ.

ಹೊಸ ಶೀಟ್ ಹಾಕುವುದಾದರೆ 2 ಮಿಲಿಮೀಟರ್ ಬ್ಯೂಟೈಲ್ ಸಾಕು. ಪೂರ್ತಿ ಹಾಸುವ ಅಗತ್ಯವಿಲ್ಲ, ಪ್ರತಿ ಸಮತಟ್ಟು ಭಾಗದ ನಡುವೆ ಕಾಲಂಶದಿಂದ ಮೂರನೇ ಒಂದಂಶ ಮುಚ್ಚಿ ರೋಲರಿನಿಂದ ಗಟ್ಟಿ ಒತ್ತಿದರೆ ತಗಡಿನ ನಡುಕ ನಿಲ್ಲುತ್ತದೆ. ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಮಾಡಿನ ಸೋರಿಕೆಗೆ ಮಾರುವ ಬೆಳ್ಳಿ ಬಣ್ಣದ ಟೇಪ್ ನೋಡಲು ಇದೇ ಥರ ಇರುತ್ತದೆ, ಬೆಲೆಯೂ ಕಡಿಮೆ. ಅದರಲ್ಲಿ ಹೆಚ್ಚಿನವು ಬಿಟುಮಿನ್. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ವಾಸನೆ ಬಿಡುತ್ತವೆ, ಅಂಚಿನಿಂದ ಹರಿದು ಕಾರ್ಪೆಟಿಗೆ ಹತ್ತುತ್ತವೆ.

ಕಾರ್ಪೆಟ್ ಹಾಸುವ ಮೊದಲು ನೆಲದ ರಬ್ಬರ್ ಬಿರಡೆಗಳಿಗೆ ಅಂಚಿನಲ್ಲಿ ಸೀಲರ್ ಸವರಿ ಕೂರಿಸಿ. ಬಾಗಿಲು ಮುಚ್ಚಿ, ಮುಂಗಾಜಿನ ಬುಡಕ್ಕೆ, ಆಮೇಲೆ ಒಂದೊಂದು ಬಾಗಿಲಿನ ಮೇಲಂಚಿಗೆ ಹೋಸ್ ಪೈಪಿನಿಂದ ಐದೈದು ನಿಮಿಷ ನೀರು ಬಿಡಿ. ಒಳಗೆ ಟಾರ್ಚ್ ಹಿಡಿದು ಒಬ್ಬರು ಕೂತಿರಬೇಕು. ನೀರು ಎಲ್ಲಿಂದ ಬಂತೆಂದು ಕಂಡರೆ ಅದನ್ನು ಸರಿಮಾಡಿ, ಮತ್ತೊಮ್ಮೆ ಬಿಟ್ಟು ನೋಡಿ. ಹಳೆಯ ಸೆಣಬಿನ ಫೆಲ್ಟನ್ನು ಒಣಗಿಸಿ ಮತ್ತೆ ಹಾಕಬೇಡಿ, ನೀರು ಹೀರದ ಎಕ್ಸ್‌ಎಲ್‌ಪಿಇ (ಪಾಲಿಥಿನ್ನಿನ ಒಂದು ಬಗೆ) ಫೋಮ್ 6ರಿಂದ 10 ಮಿಲಿಮೀಟರಿನದು ಅದರ ಜಾಗಕ್ಕೆ ಸರಿಯಾಗಿ ಕೂರುತ್ತದೆ.